ಪಂಪ್‌ಸೆಟ್ ರಿಪೇರಿ ಅಂದ್ರೆ ನಗೋದ್ಯಾಕೆ?



ಮೊನ್ನೆ ತರಗತಿಯಲ್ಲಿ ಮೇಷ್ಟ್ರು "ಮುಂದೆ ಏನಾಗ್ತೀರಿ?" ಅಂತ ಕೇಳಿದಾಗ ಮುಕ್ಕಾಲು ಜನ "ಡಾಕ್ಟರ್" ಅಂದರು. ಒಬ್ಬ ಮಾತ್ರ "ಪಂಪ್‌ಸೆಟ್ ರಿಪೇರಿ ಕಲೀತೀನಿ ಸಾರ್" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಹೃದಯದ ವಾಲ್ವಿನ ಕಥೆ ಓದಿದ ಮೇಲೆ ಆ ನಗು ತಪ್ಪು ಅನ್ನಿಸಿತು.

ಬಾವಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದಲ್ಲ, ಅದರ ಕೆಲಸ ಒಂದೇ. ಮೇಲಕ್ಕೆ ಹೋದ ನೀರು ವಾಪಸ್ ಇಳಿಯಬಾರದು. ನಮ್ಮ ಹೃದಯದಲ್ಲೂ ಇಂಥ ನಾಲ್ಕು ಕವಾಟಗಳಿವೆ. ಮಕ್ಕಳಿಗೆ ಗಂಟಲು ನೋವಿನ ಹಿಂದೆಯೇ ಕೆಲವೊಮ್ಮೆ ರುಮ್ಯಾಟಿಕ್ ಜ್ವರ ಬಂದು ಈ ಕವಾಟ ಕೆಡುತ್ತದೆ. ಆಮೇಲೆ ರಕ್ತ ಹಿಂದಕ್ಕೆ ಸೋರುತ್ತದೆ, ಇಲ್ಲವೇ ದಾರಿಯೇ ಕಿರಿದಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು.

1952ರಲ್ಲಿ ಅಮೆರಿಕದ ಡಾ. ಚಾರ್ಲ್ಸ್ ಹಫ್‌ನಾಗೆಲ್ ಕೊಳವೆಯೊಳಗೆ ಗುಂಡು ಇಟ್ಟ ಒಂದು ವಾಲ್ವನ್ನು ರೋಗಿಯ ಮಹಾಧಮನಿಗೆ ಜೋಡಿಸಿದರು. ಆದರೆ ಅದು ಹೃದಯದ ಹೊರಗೆ. ಒಳಗೇ ಕೂರಿಸುವ ದಾರಿ ಇನ್ನೂ ಸಿಕ್ಕಿರಲಿಲ್ಲ.

1958ರಲ್ಲಿ ಲೊವೆಲ್ ಎಡ್ವರ್ಡ್ಸ್ ಎಂಬ 60 ವರ್ಷದ ನಿವೃತ್ತ ಎಂಜಿನಿಯರ್ ಪೋರ್ಟ್‌ಲ್ಯಾಂಡಿನ ತರುಣ ಸರ್ಜನ್ ಆಲ್ಬರ್ಟ್ ಸ್ಟಾರ್ ಬಳಿ ಬಂದರು. ಇವರು ವಿಮಾನದ ಇಂಧನ ಪಂಪಿನಲ್ಲಿ ಪಳಗಿದವರು. ಇಡೀ ಹೃದಯವನ್ನೇ ಮಾಡಬೇಕೆಂಬ ಆಸೆ ಅವರದು. ಮೊದಲು ಒಂದು ವಾಲ್ವ್ ಆಗಲಿ ಅಂದರು ಡಾಕ್ಟರು.

ಮೊದಮೊದಲು ನಿಜವಾದ ಕವಾಟದ ಹಾಗೆ ರೆಕ್ಕೆ ಇಟ್ಟು ಮಾಡಿದರು. ಅದಕ್ಕೆ ರಕ್ತ ಹೆಪ್ಪುಗಟ್ಟಿ ನಾಯಿಗಳು ಎರಡು ಮೂರು ದಿನದಲ್ಲೇ ಸತ್ತವು. ಆಗ ಪಂಜರದೊಳಗೆ ಸಿಲಿಕೋನ್ ಗುಂಡು ಇಟ್ಟರು. ರಕ್ತ ನುಗ್ಗಿದರೆ ಗುಂಡು ಮುಂದೆ, ನಿಂತರೆ ವಾಪಸ್ ಬಂದು ಬಾಯಿ ಮುಚ್ಚುತ್ತದೆ. ನೋಡಲು ಹೃದಯದ ಕವಾಟದ ಹಾಗಿಲ್ಲ, ಆದರೆ ಕೆಲಸ ಮಾಡಿತು! 1960ರಲ್ಲಿ ಅದನ್ನು ಹಾಕಿಸಿಕೊಂಡ ಮೊದಲ ರೋಗಿ ಅದೇ ದಿನ ತೀರಿಕೊಂಡರು. ಅವರು ಅಲ್ಲಿಗೇ ಕೈಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಹಾಕಿಸಿಕೊಂಡ ಎರಡನೆಯವರು ಹತ್ತು ವರ್ಷ ಬದುಕಿದರು. ಕೊನೆಗೆ ಸತ್ತದ್ದು ಏಣಿಯಿಂದ ಬಿದ್ದು.

"ಎದೆ ಸೀಳೋ ಧೈರ್ಯ ಡಾಕ್ಟರದ್ದೇ ಅಲ್ವಾ?" ಅಂತ ನೀವು ಕೇಳಬಹುದು. ಒಪ್ಪಿದೆ. ಆದರೆ ಸೀಳಿದ ಮೇಲೆ ಒಳಗಿಡಲು ಏನೂ ಇಲ್ಲದಿದ್ದರೆ ಆ ಧೈರ್ಯದಿಂದ ಏನು ಪ್ರಯೋಜನ? ನಮ್ಮ ದೇಶದಲ್ಲೂ ಇದೇ ಆಯಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಸರ್ಜನ್ ಎಂ. ಎಸ್. ವಲಿಯತ್ತಾನ್ (ಆಮೇಲೆ ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದವರು) ಎಂಜಿನಿಯರುಗಳ ಜೊತೆ ಕೂತು ವಾಲ್ವ್ ಮಾಡಿಸಿದರು. ಮೂರು ಮಾದರಿ ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ರೋಗಿಗೆ ಹಾಕಿದರು.

ನನ್ನ ಅಭಿಪ್ರಾಯ ಇಷ್ಟೇ. ಜೀವ ಉಳಿಸೋದಕ್ಕೆ ಬಿಳಿ ಕೋಟೂ ಬೇಕು, ಗ್ರೀಸ್ ಹತ್ತಿದ ಕೈಯೂ ಬೇಕು. ಇದರಲ್ಲಿ ಮೇಲು ಕೀಳು ಎಲ್ಲಿಂದ ಬಂತು? ಡಾಕ್ಟರ್ ಆಗೋರು ಆಗಲಿ, ಸಂತೋಷ. ಐ.ಟಿ.ಐ.ಗೆ ಹೋಗೋರನ್ನು ನೋಡಿ ನಗೋದು ಬೇಡ.

ಗೆಳೆಯಾ, ಅವತ್ತು ನಕ್ಕಿದ್ದು ತಪ್ಪಾಯ್ತು. ಎಲ್ಲರೆದುರು ನಕ್ಕಿದ್ದೆ, ಅದಕ್ಕೇ ಎಲ್ಲರೂ ಓದೋ ಗೋಡೆಯ ಮೇಲೆ ಬರೀತಿದ್ದೀನಿ. ನಮ್ಮ ಬಾವಿಯ ಫುಟ್‌ವಾಲ್ವ್ ಸೋರ್ತಿದೆ. ಭಾನುವಾರ ಬರ್ತೀಯಾ? ಬಿಚ್ಚಿ ನೋಡೋಣ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿ