ರೆಂಟೇರಿಯಾ ಪುರಸಭೆಯ ಒಂದು ಸ್ಥಾನ

ಸ್ಪೇನ್‌ನ ಬಾಸ್ಕ್ ಸೀಮೆಯಲ್ಲಿ, ಸಾನ್ ಸೆಬಾಸ್ಟಿಯನ್ ನಗರದ ಮಗ್ಗುಲಲ್ಲೇ ಇರುವ ಕಾರ್ಮಿಕರ ಊರು ರೆಂಟೇರಿಯಾ. ಅಲ್ಲಿನ ಪುರಸಭಾ ಸದಸ್ಯ ಹೋಸೆ ಲೂಯಿಸ್ ಕಾಸೊ ಅವರನ್ನು 1997ರ ಡಿಸೆಂಬರ್‌ನಲ್ಲಿ ಪ್ರತ್ಯೇಕತಾವಾದಿ ಸಂಘಟನೆ ಇಟಿಎ ಗುಂಡಿಕ್ಕಿ ಕೊಂದಿತು. ತೆರವಾದ ಜಾಗಕ್ಕೆ ಅದೇ ಪಾಪ್ಯುಲರ್ ಪಾರ್ಟಿಯ ಮಾನ್ಯುಯೆಲ್ ಸಮರೆನ್ಯೊ ಬಂದರು. 1998ರ ಜೂನ್‌ನಲ್ಲಿ, ಬ್ರೆಡ್ ತರಲು ಹೋಗಿದ್ದ ಅವರನ್ನೂ ಬೈಕಿನಲ್ಲಿ ಅಡಗಿಸಿಟ್ಟಿದ್ದ ಬಾಂಬ್ ಸಿಡಿಸಿ ಕೊಲ್ಲಲಾಯಿತು.

ಹಂತಕರಿಗೆ ಈ ಇಬ್ಬರ ಮೇಲೆ ವೈಯಕ್ತಿಕ ಹಗೆಯೇನೂ ಇರಲಿಲ್ಲ. ಅವರ ಕಣ್ಣಿದ್ದದ್ದು ಆ ಸ್ಥಾನದ ಮೇಲೆ. 1992ರಲ್ಲಿ ಫ್ರಾನ್ಸ್‌ನ ಬಿದಾರ್ತ್‌ನಲ್ಲಿ ಮುಖಂಡರೆಲ್ಲ ಸಿಕ್ಕಿಬಿದ್ದ ಮೇಲೆ ಇಟಿಎ ದುರ್ಬಲವಾಗಿತ್ತು. ಅಲ್ಲಿಯವರೆಗೆ ಮುಖ್ಯವಾಗಿ ಪೊಲೀಸರು, ಸೈನಿಕರ ಮೇಲೆ ಎರಗುತ್ತಿದ್ದ ಅದು ‘ನೋವನ್ನು ಸಮಾಜಕ್ಕೆಲ್ಲ ಹಂಚುವ’ ದಾರಿ ಹಿಡಿಯಿತು. 1995ರ ಜನವರಿಯಲ್ಲಿ ಸಾನ್ ಸೆಬಾಸ್ಟಿಯನ್‌ನ ಪಾಪ್ಯುಲರ್ ಪಾರ್ಟಿ ಕೌನ್ಸಿಲರ್ ಗ್ರೆಗೋರಿಯೊ ಒರ್ದೋನ್ಯೆಸ್ ಊಟಕ್ಕೆ ಕುಳಿತಿದ್ದಲ್ಲೇ ಹತರಾದರು. ಸಚಿವರನ್ನು ಕೊಲ್ಲಬೇಕಾದರೆ ಬೆಂಗಾವಲು ಪಡೆ ದಾಟಬೇಕು. ಕೌನ್ಸಿಲರ್ ಹಾಗಲ್ಲ, ಸಂತೆಯಲ್ಲಿ, ರೈಲಿನಲ್ಲಿ ಸಿಗುವ ಮನುಷ್ಯ.

ಮಿಗೆಲ್ ಆಂಖೆಲ್ ಬ್ಲಾಂಕೊ ಅಂಥವರು. ಗಲೀಸಿಯಾದಿಂದ ವಲಸೆ ಬಂದ ಗಾರೆ ಕೆಲಸಗಾರರ ಮಗ, 29 ವರ್ಷ, ಎರ್ಮುವಾ ಪುರಸಭಾ ಸದಸ್ಯ. 1997ರ ಜುಲೈ 10ರಂದು ಅಪಹರಿಸಿದವರು ಸರ್ಕಾರಕ್ಕೆ ಕೊಟ್ಟ ಗಡುವು 48 ಗಂಟೆ: ದೇಶದ ಮೂಲೆಮೂಲೆಯ ಜೈಲುಗಳಲ್ಲಿರುವ ಇಟಿಎ ಕೈದಿಗಳನ್ನು ಬಾಸ್ಕ್ ಜೈಲುಗಳಿಗೆ ತರಬೇಕು. ಎರಡು ದಿನದಲ್ಲಿ ಆಗದ ಕೆಲಸವದು. ಕೊಲೆಗೆ ಮುಹೂರ್ತ ಮೊದಲೇ ಇಟ್ಟಂತಿತ್ತು. ಲಕ್ಷಾಂತರ ಜನ ಬೀದಿಗಿಳಿದರೂ 12ರ ಸಂಜೆ ತಲೆಗೆ ಗುಂಡು ಹೊಡೆದರು. ಮರುದಿನ ಬೆಳಗಿನ ಜಾವ ಅವರು ತೀರಿಕೊಂಡರು. ಇಟಿಎಯ ರಾಜಕೀಯ ಬೆನ್ನೆಲುಬಾದ ಎರ್ರಿ ಬತಾಸುನಾ ಪಕ್ಷದ ಎರ್ಮುವಾ ಕಚೇರಿಗೆ ಬೆಂಕಿ ಬಿದ್ದಾಗ ಅದನ್ನು ನಂದಿಸಲು ನಿಂತವರು ಸಮಾಜವಾದಿ ಮೇಯರ್ ಕಾರ್ಲೋಸ್ ತೊತೊರಿಕಾ. 1980ರ ದಶಕದಲ್ಲಿ ಸರ್ಕಾರದೊಳಗಿನವರೇ ಇಟಿಎ ವಿರುದ್ಧ ‘ಗಾಲ್’ ಎಂಬ ಕೊಲೆಗಡುಕರ ಪಡೆ ಸಾಕಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಆ ಜನಸಾಗರವೇ ಇಟಿಎಯನ್ನು ಸೋಲಿಸಿತು ಎಂಬ ಕಥನವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಕಾಸೊ, ಸಮರೆನ್ಯೊ ಹತರಾದದ್ದು ಅದಾದ ಮೇಲೆಯೇ. 1998ರ ಸೆಪ್ಟೆಂಬರ್ ಹೊತ್ತಿಗೆ ಮಧ್ಯಮಮಾರ್ಗಿ ಬಾಸ್ಕ್ ರಾಷ್ಟ್ರೀಯವಾದಿಗಳು ಎರ್ರಿ ಬತಾಸುನಾ ಜೊತೆ ಎಸ್ತೆಯಾ ಒಪ್ಪಂದಕ್ಕೆ ಸಹಿ ಹಾಕಿದ್ದರು. ಸಣ್ಣ ಊರುಗಳಲ್ಲಿ ಪಾಪ್ಯುಲರ್ ಪಾರ್ಟಿಗೂ ಸಮಾಜವಾದಿಗಳಿಗೂ ಅಭ್ಯರ್ಥಿಗಳೇ ಸಿಗದೆ ಹೊರಗಿನವರ ಹೆಸರು ಸೇರಿಸಿ ಪಟ್ಟಿ ತುಂಬಿಸಬೇಕಾಯಿತು. ಗೆದ್ದವರು ಅಂಗರಕ್ಷಕರಿಲ್ಲದೆ ಹೊಸ್ತಿಲು ದಾಟುವಂತಿರಲಿಲ್ಲ. ಮತದಾನವೇನೋ ಕ್ರಮಬದ್ಧವಾಗಿಯೇ ನಡೆಯುತ್ತಿತ್ತು. ಆದರೆ ಒಂದು ಕಡೆಯವರು ಮಾತ್ರ ಜೀವ ಒತ್ತೆಯಿಟ್ಟು ನಾಮಪತ್ರ ಸಲ್ಲಿಸಬೇಕಾದರೆ ಅದನ್ನು ಮುಕ್ತ ಚುನಾವಣೆ ಎನ್ನುವುದು ಹೇಗೆ?

ಇಟಿಎಯನ್ನು ಮಣಿಸಿದ್ದು ಫ್ರಾನ್ಸ್‌ನ ಸಹಕಾರ, ಪೊಲೀಸರ ಛಲ, ಜೊತೆಗೆ 2003ರಲ್ಲಿ ಬತಾಸುನಾ ಮೇಲೆ ಬಿದ್ದ ನಿಷೇಧ. ಪಕ್ಷ ನಿಷೇಧವೆಂದರೆ ಪ್ರಜಾಪ್ರಭುತ್ವವಾದಿಗಳಿಗೆ ಇರಿಸುಮುರುಸು, ಸಹಜವೇ. ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ 2009ರಲ್ಲಿ ಅದನ್ನು ಎತ್ತಿಹಿಡಿಯಿತು. ನನಗೂ ಅದು ಸರಿಯೆನಿಸುತ್ತದೆ. ಎದುರಾಳಿ ಕೌನ್ಸಿಲರ್‌ನ ಕೊಲೆಯನ್ನು ಖಂಡಿಸಲು ಬಾಯಿ ಬಾರದ ಪಕ್ಷ ಅದೇ ಸಭೆಯಲ್ಲಿ ಸ್ಥಾನ ಕೇಳುವುದು ಯಾವ ನ್ಯಾಯ?

2011ರಲ್ಲಿ ಇಟಿಎ ಶಸ್ತ್ರಸಮರ ಕೈಬಿಟ್ಟಿತು, 2018ರಲ್ಲಿ ತನ್ನನ್ನೇ ವಿಸರ್ಜಿಸಿಕೊಂಡಿತು. 2023ರ ಸ್ಥಳೀಯ ಚುನಾವಣೆಯಲ್ಲಿ ಬತಾಸುನಾ ಪರಂಪರೆಯವರೂ ಸೇರಿರುವ ಎಹೆಚ್ ಬಿಲ್ದು ಪಕ್ಷದ ಪಟ್ಟಿಗಳಲ್ಲಿ ಇಟಿಎ ಪ್ರಕರಣಗಳಲ್ಲಿ ಶಿಕ್ಷೆ ಅನುಭವಿಸಿದ್ದ 44 ಮಂದಿ ಇದ್ದರು. ಅವರಲ್ಲಿ 7 ಮಂದಿಯದು ಕೊಲೆ ಪ್ರಕರಣ. ಗದ್ದಲವೆದ್ದಾಗ, ಗೆದ್ದರೂ ಅಧಿಕಾರ ಸ್ವೀಕರಿಸುವುದಿಲ್ಲ ಎಂದು ಆ ಏಳು ಮಂದಿ ಹೇಳಿದರು. ಅವರ ಸ್ಪರ್ಧೆಗೆ ಕಾನೂನಿನ ಅಡ್ಡಿಯಿರಲಿಲ್ಲ.