ಬಿಳಿಯದು, ಕೆಂಪನೆಯದು ಮತ್ತು ಒಬ್ಬ ಮೇಷ್ಟರ ಸಂಕೋಚ



ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿದವನು ನಾನು. ಹುದುಗುವಿಕೆಯ ಪಾಠ ಬಂದಾಗಲೆಲ್ಲ ಸಕ್ಕರೆ, ಯೀಸ್ಟ್, ಆಲ್ಕೋಹಾಲ್ ಎಂದು ಕಪ್ಪುಹಲಗೆಯ ಮೇಲೆ ಬರೆದು, "ಇದನ್ನು ಓದಿ ತಿಳಿದರೆ ಸಾಕು, ಕುಡಿದು ತಿಳಿಯಬೇಕಾಗಿಲ್ಲ" ಎಂದು ಮುಗಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂಥವನು ಈಗ ವೈನಿನ ರುಚಿಯ ಬಗ್ಗೆ ಬರೆಯಹೊರಟರೆ ಕೆಲವರಿಗೆ ನಗು ಬಂದೀತು. ನನ್ನ ಅಕ್ಕನಿಗಂತೂ ಕೋಪವೇ ಬಂದಿದೆ.

ಆ ಕೋಪಕ್ಕೆ ಕಾರಣವುಂಟು. ನಮ್ಮ ಚಿಕ್ಕಪ್ಪ ಸಾರಾಯಿಗೆ ಬಲಿಯಾದವರು. ಮೊದಲು ಎರಡು ಎಕರೆ ಹೊಲ, ಆಮೇಲೆ ಚಿಕ್ಕಮ್ಮನ ಓಲೆ, ಕೊನೆಗೆ ಅವರೇ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ಶೀಷೆ ಎಂದರೆ ದ್ರಾಕ್ಷಾರಿಷ್ಟದ ಶೀಷೆ ಮಾತ್ರ. ಅದರಲ್ಲಿಯೂ ಹುದುಗಿನಿಂದ ಹುಟ್ಟಿದ ಆಲ್ಕೋಹಾಲ್ ಇದೆಯೆಂದು ಅಕ್ಕನಿಗೆ ಹೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ನನ್ನ ಸಂಕೋಚವನ್ನು ಕದಲಿಸಿದವನು ಒಬ್ಬ ಹಳೆಯ ವಿದ್ಯಾರ್ಥಿ. ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವ ಆತ, "ಸಾರ್, ನೀವು ಪಾಠ ಮಾಡಿದ್ದನ್ನೇ ಅಲ್ಲಿ ದೊಡ್ಡ ಪೀಪಾಯಿಯಲ್ಲಿ ಮಾಡುತ್ತಾರೆ, ಒಮ್ಮೆ ಬಂದು ನೋಡಿ" ಎಂದು ಕರೆದ. ಹೋದೆ, ನೋಡಿದೆ, ರುಚಿಯನ್ನೂ ನೋಡಿದೆ.

ನಮ್ಮ ಸೀಮೆಯ ಸ್ವಂತ ಹಣ್ಣು ಬೆಂಗಳೂರು ನೀಲಿ ದ್ರಾಕ್ಷಿ. ಅದಕ್ಕೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ದಪ್ಪ ಸಿಪ್ಪೆಯ, ಘಮಘಮಿಸುವ ಆ ಹಣ್ಣು ತಿನ್ನಲೂ ರಸಕ್ಕೂ ಸೊಗಸು. ಆದರೆ ಅದರಿಂದ ಮಾಡಿದ ಸಿಹಿ ವೈನ್ ನನಗೆ ಕೆಮ್ಮಿನ ಸಿರಪ್ಪಿನಂತೆಯೇ ತೋರಿತು. ಉತ್ತಮ ವೈನಿಗೆ ಬೇರೆ ತಳಿಗಳು ಬೇಕು. ಕನ್ವಲ್ ಗ್ರೋವರ್ ಎಂಬ ಉದ್ಯಮಿ 1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಫ್ರಾನ್ಸಿನ ತಳಿಗಳನ್ನು ನೆಡಿಸಿದರು. ಆ ಸಂಸ್ಥೆಯೇ ಇಂದಿನ ಗ್ರೋವರ್ ಜಂಪಾ. ಯುರೋಪಿನಲ್ಲಿ ಚಳಿಗಾಲದಲ್ಲಿ ನಿದ್ರಿಸುವ ಬಳ್ಳಿಗೆ ನಮ್ಮಲ್ಲಿ ನಿದ್ರೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಸವರಿ, ಮಳೆಗಾಲಕ್ಕೆ ಬಹಳ ಮೊದಲೇ ಹಣ್ಣು ಬಿಡಿಸುತ್ತಾರೆ. ಬೆಟ್ಟದ ಸೀಮೆಯ ತಂಪು ರಾತ್ರಿಗಳು ಹಣ್ಣಿನ ಹುಳಿಯನ್ನು ಉಳಿಸಿಕೊಡುತ್ತವೆ.

ಇನ್ನು ರುಚಿಯ ಮಾತು. ಬಿಳಿಯದನ್ನು ಹಣ್ಣು ಹಿಂಡಿ, ಸಿಪ್ಪೆ ತೆಗೆದು, ಬರಿಯ ರಸವನ್ನು ಹುದುಗಿಸಿ ಮಾಡುತ್ತಾರೆ. ಕೆಂಪನೆಯದರಲ್ಲಿ ಸಿಪ್ಪೆಯೂ ಜೊತೆಗೇ ಹುದುಗುತ್ತದೆ, ಬಣ್ಣವೂ ಒಗರೂ ಅದರಿಂದಲೇ ಬರುತ್ತವೆ. ನಾನು ಕುಡಿದ ಬಿಳಿಯ ವೈನುಗಳಲ್ಲಿ ನಂದಿ ತಪ್ಪಲಿನ ಸೋವಿನ್ಯೋನ್ ಬ್ಲಾಂಕ್ ಮೊದಲನೆಯದು. ಅರೆಹಣ್ಣಾದ ಸೀಬೆಕಾಯಿ, ಆಗತಾನೇ ಕೊಯ್ದ ಹುಲ್ಲು, ಕೊನೆಯಲ್ಲಿ ನಿಂಬೆಯ ಹುಳಿ. ಚೆನ್ನಾಗಿ ತಂಪು ಮಾಡಿ, ಅವರೆಕಾಳಿನ ಉಪ್ಪಿಟ್ಟಿನ ಜೊತೆ ಸವಿದರೆ ಎರಡೂ ಒಂದಕ್ಕೊಂದು ಒಪ್ಪುತ್ತವೆ. ಹುಳಿ ಸೇರದವರಿಗೆ ಹೂವಿನ ಪರಿಮಳವುಳ್ಳ ವಿಯೋನಿಯೇ ಲೇಸು.

ಕೆಂಪನೆಯದರಲ್ಲಿ ಎರಡನ್ನು ಹೇಳುತ್ತೇನೆ. ಕ್ಯಾಬರ್ನೆ ಮತ್ತು ಶಿರಾಜ್ ಬೆರೆತ ಗ್ರೋವರ್ ಅವರ ಲಾ ರಿಸರ್ವ್ ಒಂದು. ಹಂಪಿಯ ಕಡೆಯ ಕೃಷ್ಮಾ ಎಸ್ಟೇಟ್ಸಿನ ಕ್ಯಾಬರ್ನೆ ಇನ್ನೊಂದು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿದಂತಾಗುವುದಲ್ಲ, ಅದೇ ಒಗರು ಎರಡರಲ್ಲೂ ಉಂಟು. ಎರಡನೆಯದರಲ್ಲಿ ತುಸು ಹೆಚ್ಚು. ಖಾರದ ಸಾರಿನ ಜೊತೆ ಇವನ್ನು ಕುಡಿಯಬೇಡಿ, ಒಗರು ಖಾರವನ್ನು ಕೆರಳಿಸುತ್ತದೆ. ಎಳ್ಳು ಕಡಲೆಕಾಯಿ ಹಾಕಿದ, ಖಾರ ಕಡಿಮೆಯಿರುವ ಎಣ್ಣೆಗಾಯಿ ಚೆನ್ನ. ಕೆಂಪು ವೈನನ್ನು ತಂಪು ಮಾಡಬಾರದೆಂಬ ಮಾತು ತಣ್ಣನೆಯ ದೇಶಗಳದ್ದು. ನಮ್ಮ ಬೇಸಗೆಯಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಒಳಿತು.

ಇಷ್ಟು ಶಿಫಾರಸು ಮಾಡಿದ ಮೇಲೆ ನನ್ನ ಆಕ್ಷೇಪವನ್ನೂ ಹೇಳಬೇಕು. ಅಲ್ಲಿದ್ದ ಒಬ್ಬ ಗೃಹಸ್ಥರು, "ಇದು ಹೆಂಡವಲ್ಲ ಮೇಷ್ಟ್ರೇ, ಹೃದಯಕ್ಕೆ ಔಷಧಿ" ಎಂದರು. ಈ ಮಾತನ್ನು ನಾನು ಒಪ್ಪಲಾರೆ. ಆಲ್ಕೋಹಾಲಿಗೆ ಸುರಕ್ಷಿತವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಒಂದು ಸಣ್ಣ ಲೆಕ್ಕ ಮಾಡೋಣ. ಶೇಕಡಾ 13ರ ವೈನ್ 150 ಮಿ.ಲೀ. ಎಂದರೆ 19.5 ಮಿ.ಲೀ. ಶುದ್ಧ ಆಲ್ಕೋಹಾಲ್. ಶೇಕಡಾ 42.8ರ ವಿಸ್ಕಿ 30 ಮಿ.ಲೀ. ಎಂದರೆ 13ಕ್ಕೂ ಕಡಿಮೆ. ಒಂದು ಲೋಟ ವೈನ್ ಒಂದೂವರೆ ಸಣ್ಣ ಪೆಗ್ಗಿಗೆ ಸಮ! ಹೃದಯಕ್ಕೆಂದು ದಿನಕ್ಕೆರಡು ಲೋಟ ಏರಿಸುವವರು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ.

ಇನ್ನೊಂದು ಮಾತು ಮನಸ್ಸನ್ನು ಹೆಚ್ಚು ಕೊರೆಯುತ್ತದೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದೂ ಅದೇ ವರ್ಷ. ರೈತನ ಹಣ್ಣಿಗೆ ಮಾರುಕಟ್ಟೆ ದೊರೆಯುವುದನ್ನು ನಾನು ಸ್ವಾಗತಿಸುತ್ತೇನೆ. ನನ್ನ ಶಿಷ್ಯನ ಮಗಳು ಕಾಲೇಜಿಗೆ ಹೋಗುತ್ತಿರುವುದು ಆ ತೋಟದಿಂದಲೇ. ಆದರೆ ಬಡವ ಕುಡಿದರೆ ವ್ಯಸನ, ಸಿರಿವಂತ ಕುಡಿದರೆ ಸಂಸ್ಕೃತಿ ಎಂಬ ಭಾವ ನಮ್ಮೊಳಗೆ ನುಸುಳಬಾರದು. ಚಿಕ್ಕಪ್ಪನ ಲೋಟದಲ್ಲಿದ್ದದ್ದೂ ಈ ಗಾಜಿನ ಲೋಟದಲ್ಲಿರುವುದೂ ಒಂದೇ ರಾಸಾಯನಿಕ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೇ. ವೈನನ್ನು ರುಚಿಗಾಗಿ ಹೊಗಳಿ, ಬೆಳೆದವನ ಬೆವರಿಗಾಗಿ ಕೊಳ್ಳಿ, ಔಷಧಿ ಎಂದು ಮಾತ್ರ ಮಾರಬೇಡಿ, ದೊಡ್ಡಸ್ತಿಕೆ ಎಂದು ಮೆರೆಯಬೇಡಿ. ಕುಡಿಯದವರು ನನ್ನ ಮಾತು ಕೇಳಿ ಶುರುಮಾಡಬೇಕಾಗಿಲ್ಲ. ಕುಡಿಯುವವರು ದೂರದೇಶದ ಶೀಷೆಗೆ ಕೈಚಾಚುವ ಮುನ್ನ ನಮ್ಮ ಮಣ್ಣಿನದನ್ನು ಒಮ್ಮೆ, ಊಟದೊಂದಿಗೆ, ನಿಧಾನವಾಗಿ ಸವಿಯಿರಿ. ಆ ದಿನ ವಾಹನದ ಕೀಲಿಯನ್ನು ಮುಟ್ಟಬೇಡಿ.

ಶಿಷ್ಯ ಕೊಟ್ಟ ಶೀಷೆಯೊಂದು ನಮ್ಮ ಕಪಾಟಿನಲ್ಲಿ ಹಾಗೆಯೇ ಇದೆ. ಮುಂದಿನ ವಾರ ಅಕ್ಕ ಮನೆಗೆ ಬರುತ್ತಾಳೆ. ಅದನ್ನು ಬಚ್ಚಿಡಬಾರದೆಂದು ನಿಶ್ಚಯಿಸಿದ್ದೇನೆ. ಅವಳು ಬೈದರೆ ಕೇಳಿಸಿಕೊಳ್ಳುತ್ತೇನೆ, ಬೈಯುವ ಹಕ್ಕು ಅವಳಿಗಿದೆ.