ವಿದ್ಯುನ್ಮಾನ ಪಾವತಿ: ವರ್ತಕರ ಎಚ್ಚರ, ಬ್ಯಾಂಕುಗಳ ಹೊಣೆ

ಯಶವಂತಪುರದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಾಗಲಿ, ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಅಂಗಡಿ ಸಾಲುಗಳಲ್ಲಾಗಲಿ ಕ್ಯೂಆರ್ ಫಲಕವಿಲ್ಲದ ಮಳಿಗೆ ಇಂದು ಅಪರೂಪ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯು ಚಿಲ್ಲರೆಯ ತಾಪತ್ರಯವನ್ನು ಬಹುಮಟ್ಟಿಗೆ ನೀಗಿಸಿದೆ. ಅದರೊಡನೆ ವಂಚನೆಯ ಸ್ವರೂಪವೂ ಬದಲಾಗಿದೆಯೆಂಬುದನ್ನು ನಮ್ಮ ವರ್ತಕರು ಇನ್ನೂ ಪೂರ್ಣವಾಗಿ ಮನಗಂಡಂತಿಲ್ಲ.

ಹಿಂದೆ ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಯನ್ನು ನಕಲು ಮಾಡಿ ಗ್ರಾಹಕರ ಹಣ ಲಪಟಾಯಿಸುವುದು ಕಳ್ಳರ ಮುಖ್ಯ ವಿಧಾನವಾಗಿತ್ತು. ಚಿಪ್ ಕಾರ್ಡು ಮತ್ತು ಪಿನ್ ಸಂಖ್ಯೆ ಅದನ್ನು ಕಷ್ಟವಾಗಿಸಿದವು. 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಮಾರಾಟಗಾರರು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತೆಯೂ ಇಲ್ಲ. ಗ್ರಾಹಕನ ಬಾಗಿಲಿಗೆ ಬೀಗ ಬಿದ್ದಾಗ ಕಳ್ಳನು ವರ್ತಕನ ಬಾಗಿಲಿಗೆ ಬಂದಿದ್ದಾನೆ.

ಹಣ ಪಾವತಿಯಾಯಿತೆಂದು ತೋರಿಸುವ ನಕಲಿ ಆ್ಯಪ್, ನಮ್ಮ ಫಲಕದ ಮೇಲೆ ರಾತ್ರೋರಾತ್ರಿ ಅಂಟಿಸಿದ ಬೇರೊಬ್ಬರ ಕ್ಯೂಆರ್ ಚೀಟಿ, ‘ಹೆಚ್ಚು ಹಣ ಕಳುಹಿಸಿದ್ದೇನೆ, ಹಿಂದಿರುಗಿಸಿ’ ಎಂಬ ದೂರವಾಣಿ ಕರೆ: ಇವು ಈಗಿನ ತಂತ್ರಗಳು. ಇವಕ್ಕೆ ಮದ್ದು ಸರಳವಾಗಿದೆ. ಗ್ರಾಹಕನ ಮೊಬೈಲ್ ಪರದೆಯನ್ನು ನಂಬದೆ ನಮ್ಮ ಖಾತೆಯಲ್ಲಿ ಜಮೆಯಾದುದನ್ನು ನೋಡಿಯೇ ಸರಕು ಕೊಡಬೇಕು. ಬೆಳಗ್ಗೆ ಅಂಗಡಿ ತೆರೆದೊಡನೆ ಫಲಕವನ್ನು ಸ್ಕ್ಯಾನ್ ಮಾಡಿ ನಮ್ಮ ಹೆಸರೇ ಬರುವುದೇ ಎಂದು ಪರೀಕ್ಷಿಸಬೇಕು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲವೆಂಬುದನ್ನು ಗಲ್ಲಾದಲ್ಲಿ ಕೂರುವ ಹುಡುಗನಿಗೂ ತಿಳಿಹೇಳಬೇಕು. 2021ರ ಜನವರಿಯಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಕಾರ್ಡ್ ತಾಗಿಸಿ ಪಾವತಿಸಬಹುದಾದುದರಿಂದ, ದೊಡ್ಡ ಬಿಲ್ಲನ್ನು ಒಡೆದು ಹಲವು ಬಾರಿ ಕಾರ್ಡ್ ತಾಗಿಸುವವರ ಬಗ್ಗೆ ಎಚ್ಚರವಿರಲಿ. ಮೋಸವಾದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಆದರೆ ಎಷ್ಟೇ ಎಚ್ಚರ ವಹಿಸಿದರೂ ತಪ್ಪದ ಆಪತ್ತೊಂದಿದೆ. ವಂಚಕನು ಕದ್ದ ಹಣದಿಂದ ನಮ್ಮಲ್ಲಿ ಸರಕು ಕೊಳ್ಳುತ್ತಾನೆ. ಹಣ ಕಳೆದುಕೊಂಡವರು ದೂರು ನೀಡುತ್ತಾರೆ. ಹಣದ ಜಾಡು ಹಿಡಿದು ಬಂದ ಪೊಲೀಸರ ಸೂಚನೆಯಂತೆ ಬ್ಯಾಂಕು ನಮ್ಮ ಖಾತೆಯನ್ನೇ ಸ್ಥಗಿತಗೊಳಿಸುತ್ತದೆ. ಕೆಲವೇ ಸಾವಿರ ರೂಪಾಯಿಯ ವಿವಾದಕ್ಕೆ ಕಾರ್ಮಿಕರ ಸಂಬಳ, ಮಂಡಿಯ ಬಾಕಿ, ತೆರಿಗೆ ಎಲ್ಲವೂ ನಿಲ್ಲುತ್ತವೆ. ಪ್ರಾಮಾಣಿಕವಾಗಿ ಸರಕು ಮಾರಿದವನಿಗೆ ಇದೆಂತಹ ನ್ಯಾಯ? ವಿವಾದಿತ ಮೊತ್ತಕ್ಕಷ್ಟೇ ತಡೆ ಸೀಮಿತವಾಗಬೇಕೆಂದು ಕೇರಳ ಉಚ್ಚ ನ್ಯಾಯಾಲಯವು 2023ರಲ್ಲಿಯೇ ಹೇಳಿದೆ. ನಮ್ಮ ಬ್ಯಾಂಕುಗಳೂ ಇದೇ ಕ್ರಮವನ್ನು ಅನುಸರಿಸಬೇಕು. ಕಾರಣವನ್ನು ಖಾತೆದಾರರಿಗೆ ಲಿಖಿತವಾಗಿ ತಿಳಿಸಬೇಕು. ಈ ಬೇಡಿಕೆಯನ್ನು ವರ್ತಕ ಸಂಘಗಳು ಒಕ್ಕೊರಲಿನಿಂದ ಮುಂದಿಡಬೇಕಾಗಿದೆ.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವರ್ತಕರಿಗೆ ನೋಟಿಸು ನೀಡಿದಾಗ ನಗರದ ಅನೇಕ ಅಂಗಡಿಗಳು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದವು. ಆ ಭಯ ಸಹಜವಾದುದು. ಆದರೆ ಆ ದಾರಿ ಬಹುದೂರ ಸಾಗದು. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮನೆಯ ಖಾತೆಯನ್ನೂ ವ್ಯಾಪಾರದ ಖಾತೆಯನ್ನೂ ಬೇರೆಯಾಗಿಟ್ಟು, ಪ್ರತಿಯೊಂದು ಜಮೆಗೂ ಒಂದು ಬಿಲ್ಲು, ದೊಡ್ಡ ಸರಕಿಗೆ ಸಾಗಣೆಯ ದಾಖಲೆ ಉಳಿಸಿಕೊಳ್ಳುವುದೇ ಲೇಸು. ತೆರಿಗೆ ಅಧಿಕಾರಿಯ ಮುಂದಾಗಲಿ, ಪೊಲೀಸ್ ಠಾಣೆಯಲ್ಲಾಗಲಿ ನಮ್ಮ ಪರವಾಗಿ ಸಾಕ್ಷಿ ನುಡಿಯುವುದು ಆ ಕಾಗದವೇ. ಲೆಕ್ಕ ಸರಿಯಾಗಿದ್ದವನು ಮಾತ್ರ ಬ್ಯಾಂಕನ್ನು ಗಟ್ಟಿದನಿಯಲ್ಲಿ ಪ್ರಶ್ನಿಸಬಲ್ಲನು.